ಬೆಂಚಿನ ಮೇಲೆ ಹನ್ನೊಂದು ಕೋಳಿ

ಕಂಡವರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುವ ಹಿರಿಯರೊಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದರು. ಮೊದಲು ರೆಪ್ಪೆ, ನಮಸ್ಕಾರ ಆಮೇಲೆ. ಕುರಿ ಕಾಯುವವರು ಕುರಿಯ ಆರೋಗ್ಯ ತಿಳಿಯುವುದು ಹೀಗೆಯೇ ಅಂತೆ. ರೆಪ್ಪೆಯ ಒಳಮೈ ಕೆಂಪಗಿದ್ದರೆ ಕುರಿ ಗಟ್ಟಿ. ಬಿಳಿಚಿದ್ದರೆ ಯಾವುದೋ ಹುಳ ಎಲ್ಲೋ ಕುಳಿತು ಅದರ ರಕ್ತ ಕುಡಿಯುತ್ತಿದೆ ಎಂದರ್ಥ. ಅರವತ್ತು ವರ್ಷ ಕುರಿಗಳ ಮೇಲೆ ನಡೆಸಿದ ಈ ಪರೀಕ್ಷೆಯನ್ನು ಅವರು ಮುಪ್ಪಿನಲ್ಲಿ ಮನುಷ್ಯಕುಲಕ್ಕೂ ವಿಸ್ತರಿಸಿದ್ದರು. ಪೋಸ್ಟಿನವ, ಕರೆಂಟಿನ ಬಿಲ್ಲು ಬರೆಯುವವ, ಮತ ಕೇಳಲು ಬಂದ ಅಭ್ಯರ್ಥಿ, ಯಾರೂ ತಪ್ಪಿಸಿಕೊಂಡಿರಲಿಲ್ಲ.

ನಾನು ಹೈಸ್ಕೂಲಿನಿಂದ ನಿವೃತ್ತನಾಗಿ ಶಿರೂರಿನ ಈ ಓಣಿಗೆ ಬಂದ ಮೊದಲ ದಿನ ನನ್ನನ್ನೂ ಬಿಸಿಲಿಗೆ ನಿಲ್ಲಿಸಿ ನೋಡಿದರು.

"ರಕ್ತ ಇಲ್ರಿ ಮಾಸ್ತರ. ಏನ್ ಹತ್ತಿತ್ತು ನಿಮಗ?"

"ಸರಕಾರಿ ನೌಕರಿ ಹತ್ತಿತ್ತು ಮುತ್ಯಾ. ಮೊನ್ನೆ ಬಿಟ್ಟೈತಿ."

"ಹಂಗಾದ್ರ ಬರತೈತಿ ತಗೋರಿ, ಮೇಯ್ರಿ" ಎಂದು ಬೆನ್ನ ಮೇಲೊಂದು ಹೊಡೆದು ಬಿಟ್ಟರು. ಕುರಿಯನ್ನು ಬಿಡುವುದೂ ಹಾಗೆಯೇ ಎಂದು ಆಮೇಲೆ ತಿಳಿಯಿತು.

ಅವರ ಹೆಸರು ಬರೆಯುತ್ತಿಲ್ಲ. ಕಾಗದದ ಮೇಲೆ ತಮ್ಮ ಹೆಸರಿದೆ ಎಂದರೆ ಅದು ಕೋರ್ಟಿನದೇ ಎಂದು ಗಾಬರಿಯಾಗುತ್ತಿದ್ದ ಜೀವ. ಸತ್ತ ಮೇಲೆ ಗಾಬರಿಪಡಿಸುವುದು ಸಲ್ಲ. ಇಡೀ ಓಣಿ ಮುತ್ಯಾ ಅನ್ನುತ್ತಿತ್ತು. ಅವರಿಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ನಾನೂ ಹಾಗೆಯೇ ಅಂದೆ.

ಅವರದು ಬೀರಪ್ಪನ ಒಕ್ಕಲು, ಕುರುಬರ ಮನೆತನ. ವರ್ಷದ ಎಂಟು ತಿಂಗಳು ಕುರಿಗಳ ಹಿಂದೆ ನಡೆದವರು. ಹುನಗುಂದದ ಎರೆ ಹೊಲಗಳಿಂದ ಹಿಡಿದು ಕೂಡಲಸಂಗಮದ ಹೊಳೆದಂಡೆಯವರೆಗೆ ಯಾವ ಬೇಲಿಯ ಹಿಂದೆ ಯಾವ ನಾಯಿ ಇದೆ ಎಂದು ಹೇಳಬಲ್ಲವರಾಗಿದ್ದರು. ಹೊಲಕ್ಕೆ ಗೊಬ್ಬರವಾಗಲಿ ಎಂದು ರೈತರು ಕರೆದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಸುತ್ತ ಬಲೆ ಕಟ್ಟಿ, ನಡುವೆ ಕುರಿ ತುಂಬಿದರೆ ಅದೇ ಹಟ್ಟಿ. ಆ ಹಟ್ಟಿಗೊಂದು ನಿಯಮವಿತ್ತು.

"ಒಂದು ಕಡೆ ಮೂರ ರಾತ್ರಿ. ನಾಕನೇ ರಾತ್ರಿ ಹಟ್ಟಿ ಬ್ಯಾರೆ ಹೊಲದಾಗ ಇರಬೇಕು."

"ಯಾಕ ಮುತ್ಯಾ?"

"ಯಾಕ ಅಂತ ನಮ್ಮಪ್ಪನ್ನ ನಾ ಕೇಳಲಿಲ್ಲ. ನೀವು ನನ್ನ ಕೇಳಬ್ಯಾಡ್ರಿ."

ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಯಾಕೆ ಎಂದು ಕೇಳುವುದು ನನ್ನ ಉಪಜೀವನವಾಗಿತ್ತು. ಆದರೆ ನಿವೃತ್ತಿಯ ನಂತರ ಉತ್ತರಕ್ಕಾಗಿ ಹಟ ಮಾಡುವ ಚಟ ಕಡಿಮೆಯಾಗಿತ್ತು. ಅಲ್ಲಿಗೇ ಬಿಟ್ಟೆ. ಹಾಗೆ ಬಿಟ್ಟದ್ದು ಎಷ್ಟು ದೊಡ್ಡ ತಪ್ಪು ಎಂಬುದು ಮುಂದೆ ಬರುತ್ತದೆ.

ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳನ್ನು ಮಗನಿಗೆ ಒಪ್ಪಿಸಿ ಮುತ್ಯಾ ಮನೆಯಲ್ಲಿ ಕುಳಿತರು. ಮನೆಯಲ್ಲಿ ಆಯಿ ಇದ್ದಳು, ಅವರ ಹೆಂಡತಿ. ಗಂಡ ಊರೂರು ತಿರುಗುತ್ತಿದ್ದ ಅಷ್ಟೂ ವರ್ಷ ಮನೆ ಹಿಡಿದುಕೊಂಡಿದ್ದವಳು ಅವಳೇ. ಹಿತ್ತಲಲ್ಲಿ ಹನ್ನೊಂದು ಕೋಳಿ ಸಾಕಿದ್ದಳು. ಓಣಿಯ ಬಾಣಂತಿಯರಿಗೆ ತತ್ತಿ ಹೋಗುತ್ತಿದ್ದುದು ಅವಳ ಸೆರಗಿನಿಂದ. ಮುತ್ಯಾನ ದೃಷ್ಟಿಯಲ್ಲಿ ಕೋಳಿ ಪ್ರಾಣಿವರ್ಗಕ್ಕೇ ಸೇರಿರಲಿಲ್ಲ.

"ಕೋಳಿ ಒಂದು ಜೀವರಾಶಿ ಏನ್ರಿ? ಕರದ್ರ ಬರೂದಿಲ್ಲ, ಹೊಡದ್ರ ಹೋಗೂದಿಲ್ಲ. ರೆಪ್ಪಿ ನೋಡೂನಂದ್ರ ತೆಳಗಿಂದ ಮ್ಯಾಲ ಮುಚ್ಚತೈತಿ. ಉಲ್ಟಾ ಕಣ್ಣಿಂದು!"

ಅದು ನಿಜ. ಕೋಳಿ ಕಣ್ಣು ಮುಚ್ಚುವುದು ಕೆಳರೆಪ್ಪೆಯನ್ನು ಮೇಲಕ್ಕೆತ್ತಿ. ಅರವತ್ತು ವರ್ಷದ ವಿದ್ಯೆ ಆ ಒಂದು ರೆಪ್ಪೆಯ ಮುಂದೆ ನಡೆಯುತ್ತಿರಲಿಲ್ಲ. ಸಿಟ್ಟು ಬರದೆ ಇದ್ದೀತೆ?

ಹೋದ ವರ್ಷ ಆಯಿ ತೀರಿಕೊಂಡಳು. ಹೆಚ್ಚು ಕಾಯಿಲೆಯಾಗಿ ಮಲಗಿದವಳಲ್ಲ. ಒಂದು ಸಂಜೆ ಹೊರಸಿನ ಮೇಲೆ ಒರಗಿದಲ್ಲಿಂದಲೇ "ಕೋಳಿ ಒಳಗ ಹಾಕ್ರಿ" ಅಂದಳು. ಮುತ್ಯಾ ಗೊಣಗುತ್ತ ಹೋಗಿ, ಎಂದಿನಂತೆ ಮೂರನ್ನು ಬಿಟ್ಟು ಎಂಟನ್ನು ಹಾಕಿ, ಮತ್ತೆ ಹೋಗಿ ಆ ಮೂರನ್ನು ಹುಡುಕಿ ಹಾಕಿ ಬರುವಷ್ಟರಲ್ಲಿ ಮುಗಿದಿತ್ತು. ಅವಳ ಆ ಮಾತು ಅಂತಿಮ ಇಚ್ಛೆಯೋ ದಿನನಿತ್ಯದ ಸೂಚನೆಯೋ ಎಂದು ನಿರ್ಣಯಿಸುವ ಅಧಿಕಾರ ನನಗಿಲ್ಲ. ಮುತ್ಯಾ ನಿರ್ಣಯಿಸಿದ್ದರು. ದಿನಕರ್ಮಗಳು ಮುಗಿದ ಮರುದಿನ ಕಂಬಳಿ ಹೆಗಲಿಗೇರಿಸಿಕೊಂಡು ನಮ್ಮ ಕಟ್ಟೆಗೆ ಬಂದರು.

"ಮಾಸ್ತರ, ನನ್ನ ಕೊರಳಿಗೆ ಹನ್ನೊಂದು ಕೋಳಿ ಕಟ್ಟಿ ಹ್ವಾದಳು. ಒಂದು ಕಡಿಮಿ ಆದ್ರೂ ಮ್ಯಾಲ ಹೋಗಿ ಏನ್ ಹೇಳ್ಲಿ? ನೀವು ಕಲತಾವ್ರು. ಕೋಳಿಗೆ ಏನೇನ್ ಬೇಕು ಹೇಳ್ರಿ."

ನನಗೇನು ಗೊತ್ತು? ಕಲಿತವನ ಮರ್ಯಾದೆಗಾಗಿ "ಗಾಳಿ, ಬೆಳಕು, ಕುಳಿತುಕೊಳ್ಳಲು ಎತ್ತರದ ಜಾಗ" ಎಂದೆ. ಮನುಷ್ಯರಿಗೂ ಇದನ್ನೇ ಹೇಳಬಹುದಾದ್ದರಿಂದ ತಪ್ಪಾಗಲಾರದು ಎಂಬ ಧೈರ್ಯ.

ಮುತ್ಯಾ ಆಯಿಯ ಹಳೆಯ ಗೂಡನ್ನು ಮೊದಲ ಬಾರಿಗೆ ಬಗ್ಗಿ ನೋಡಿದರು. ನಾಲ್ಕು ಫರಸಿ ಕಲ್ಲು ನಿಲ್ಲಿಸಿ ಮೇಲೊಂದು ಹೊದಿಸಿದ ತಗ್ಗು ಗೂಡು. ಒಳಗೆಲ್ಲ ಮಸಿ, ಒಲೆಯ ಒಳಗಿನಷ್ಟು ಕಪ್ಪು. ಅವರ ಕಣ್ಣಲ್ಲಿ ನೀರು ಬಂತು. "ಇಂಥಾ ಕರೀ ಕತ್ತಲ್ಯಾಗ ಇಟ್ಟಿದ್ದಳಲ್ರಿ. ನಾ ಊರ ಮಂದಿ ಹೊಲದಾಗ ಹಟ್ಟಿ ಕಟ್ಟಿ ಬಂದೆ, ಇಕಿಗೊಂದು ಗೂಡು ಕಟ್ಟಿ ಕೊಡಲಿಲ್ಲ." ಅಂದೇ ಕಲ್ಲು ಕಿತ್ತರು. ಮನೆಯ ಹಿಂಗೋಡೆಗೆ ಒರಗಿಸಿ ಕಟ್ಟಿಗೆಯ ಗೂಡು ಕಟ್ಟತೊಡಗಿದರು. ಮಸಿ ಯಾಕಿತ್ತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಎತ್ತರದ ಜಾಗದ ಸಲಹೆ ನನ್ನದಾದ್ದರಿಂದ ಆ ಜಾಗವನ್ನು ಒದಗಿಸುವ ನೈತಿಕ ಹೊಣೆಯೂ ನನ್ನ ಮೇಲೆ ಬಿತ್ತು. ನಿವೃತ್ತಿಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ನಾನೇ ಬೇಡಿ ತಂದದ್ದು ಒಂದು ಹಳೆಯ ಬೆಂಚು. ಶಾಲೆಯ ಸಾಮಾನಿನ ಕೋಣೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಅದರ ಮೇಲೆ ಮೂರು ತಲೆಮಾರಿನ ಹುಡುಗರು ಕೈವಾರದಿಂದ ಹೆಸರು ಕೊರೆದಿದ್ದರು. ನೆನಪಿಗೆಂದು ತಂದ ಆ ಬೆಂಚನ್ನು ನನ್ನ ಹೆಂಡತಿ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಅದನ್ನು ಮುತ್ಯಾನಿಗೆ ಕೊಟ್ಟೆ.

ಮುತ್ಯಾ ಬೆಂಚಿನ ಮೇಲೆ ಅಂಗೈಯಾಡಿಸಿದರು. ಕುಳಿತುಕೊಳ್ಳಲಿಲ್ಲ. "ಸಾಲಿ ಬೆಂಚಿನ ಮ್ಯಾಲ ನಾ ಒಂದ ದಿನಾ ಕುಂತಿಲ್ರಿ. ಆಕಿ ಕೋಳಿ ಕುಂದ್ರತಾವಂದ್ರ ಕುಂದರವಲ್ದ್ಯಾಕ" ಎಂದರು. ಆ ಸಂಜೆ ಹನ್ನೊಂದು ಕೋಳಿ ಸಾಲಾಗಿ ಬೆಂಚೇರಿ ಕುಳಿತವು. ಗದ್ದಲವಿಲ್ಲ, ಜಗಳವಿಲ್ಲ. ಅಷ್ಟು ಶಿಸ್ತಿನ ತರಗತಿ ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಎರಡು ತಿಂಗಳಲ್ಲಿ ತತ್ತಿ ಕಡಿಮೆಯಾದವು. ಆಮೇಲೆ ನಿಂತವು. ಕೆಂಪು ಜುಟ್ಟುಗಳು ಹಳೆಯ ರಶೀದಿಯ ಬಣ್ಣಕ್ಕೆ ತಿರುಗಿದವು. ಒಂದು ಕೋಳಿ ಮಧ್ಯಾಹ್ನ ನಿಂತಲ್ಲೇ ತೂಕಡಿಸಿ ಬೀಳತೊಡಗಿತು.

ಇಲ್ಲಿ ಮುತ್ಯಾನ ವಿದ್ವತ್ತಿನ ಬಗ್ಗೆ ಒಂದು ಮಾತು. ಕುರಿಯ ಉಣ್ಣಿಯ ವಿಷಯದಲ್ಲಿ ಅವರು ಈ ಭಾಗದ ಕೊನೆಯ ಮಾತಾಗಿದ್ದರು. ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ, ಬಾಲದ ಬುಡದಲ್ಲಿ ಕಚ್ಚಿಕೊಂಡ ಉಣ್ಣಿಯನ್ನು ಕಣ್ಣು ಮುಚ್ಚಿ, ಬೆರಳ ತುದಿಯಿಂದ, ತಲೆ ಮುರಿಯದಂತೆ ಕಿತ್ತು ತೆಗೆಯುತ್ತಿದ್ದರು. ದೂರದೂರದಿಂದ ಕುರಿಗಾರರು ಬಂದು ಕೇಳಿಕೊಂಡು ಹೋಗುತ್ತಿದ್ದರು. ಅಂಥವರು ದಿನಾ ಬೆಳಿಗ್ಗೆ ಬಿಸಿಲೇರಿದ ಮೇಲೆ ಒಂದೊಂದೇ ಕೋಳಿಯನ್ನು ತೊಡೆಯ ಮೇಲೆ ಕವುಚಿ ಹಾಕಿಕೊಂಡು, ರೆಕ್ಕೆ ಬಿಡಿಸಿ, ಪುಕ್ಕವನ್ನು ಹಿಮ್ಮುಖ ಊದಿ ಊದಿ ಹುಡುಕಿದರು. ನಾನು ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ. ಅಲ್ಲೊಂದು ಇಲ್ಲೊಂದು ಹೇನು ಬಿಟ್ಟರೆ ಏನೂ ಕಾಣಲಿಲ್ಲ.

"ಉಣ್ಣಿ ಇಲ್ರಿ. ಬೀರಪ್ಪನ ಆಣಿ, ಒಂದೂ ಇಲ್ಲ. ಆದ್ರ ರಕ್ತ ಯಾರೋ ಕುಡ್ಯಾಕ ಹತ್ತ್ಯಾರ."

ನಾನು ಗಂಭೀರನಾಗಿ ನನ್ನ ಪಾಠ ಒಪ್ಪಿಸಿದೆ. "ಪರಾವಲಂಬಿ ಜೀವಿಗಳು ಎರಡು ವಿಧ ಮುತ್ಯಾ. ಮೈಯೊಳಗೆ ಇರುವಂಥವು, ಮೈಮೇಲೆ ಇರುವಂಥವು." ಮೂವತ್ತು ವರ್ಷ ಇದನ್ನು ಹೇಳಿ ಬರೆಸಿದ್ದೇನೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತಿತ್ತು. ಮೂರನೆಯ ಜಾಗವೊಂದು ಇರಬಹುದು ಎಂದು ಪಠ್ಯದಲ್ಲಿ ಇರಲಿಲ್ಲ.

ಎಷ್ಟೋ ಉಪಚಾರಗಳಾದವು. ಬೇವಿನೆಣ್ಣೆ ಹಚ್ಚಿದೆವು. ಒಲೆಯ ಬೂದಿಯಲ್ಲಿ ಹೊರಳಾಡಿಸಿದೆವು. ಅದೊಂದು ಕೋಳಿಗಳಿಗೆ ಇಷ್ಟವಾಯಿತು. ಅರಿಶಿನ ಬಳಿದು ಹನ್ನೊಂದನ್ನೂ ಮದುವಣಗಿತ್ತಿ ಮಾಡಿದೆವು. ಎರಡು ಸತ್ತವು. ಮುತ್ಯಾನ ಸೊಸೆ ಅಂಗಳ ಗುಡಿಸುತ್ತ ಒಂದು ಪ್ರಾಯೋಗಿಕ ಸಲಹೆ ಕೊಟ್ಟಳು.

"ಮಾವ, ಸಾಯೂದ್ರಾಗ ಕೊಯ್ದು ಸಾರ ಮಾಡಿಬಿಡೂನು. ಅವಕ್ಕೂ ಸುಖ, ನಮಗೂ ಸುಖ."

ಮುತ್ಯಾ ಅವಳ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, "ಒಂಬತ್ತು ಉಳದಾವ ಮಾಸ್ತರ" ಎಂದರು. ಕೈಗಳೆರಡೂ ಮೊಣಕಾಲ ಮೇಲೆ ಅಂಗಾತ ಬಿದ್ದಿದ್ದವು.

ಆಗ ಅವರು ಕುರುಬರು ಮಾತ್ರ ಮಾಡಬಹುದಾದ ತಪ್ಪು ಮಾಡಿದರು. ಮಾಸ್ತರರು ಮಾತ್ರ ಮಾಡಬಹುದಾದ ತಪ್ಪಿನಿಂದ ನಾನು ಕೈಜೋಡಿಸಿದೆ. ಕುರಿಗೆ ಉಣ್ಣಿಯಾದರೆ ಔಷಧ ಬೆರೆಸಿದ ನೀರಲ್ಲಿ ಕುತ್ತಿಗೆಯವರೆಗೆ ಅದ್ದಿ ತೆಗೆಯುವುದು ಪದ್ಧತಿ. ಮಗ ಬಿಟ್ಟುಹೋದ ಔಷಧದ ಬಾಟಲಿ ಗೋಡೆಯ ಮಾಡದಲ್ಲಿತ್ತು. "ಕುರಿಗೆ ಇಷ್ಟು. ಕೋಳಿಗೆ ಎಷ್ಟು?" ಎಂದು ಮುತ್ಯಾ ಕೇಳಿದರು. ನಾನು ಕಾಗದ ಪೆನ್ನು ತರಿಸಿ, ಕುರಿಯ ತೂಕ, ಕೋಳಿಯ ತೂಕ ಬರೆದು, ತ್ರೈರಾಶಿ ಹಾಕಿ, ಉತ್ತರದ ಕೆಳಗೆರಡು ಗೆರೆ ಎಳೆದು ಕೊಟ್ಟೆ. ಲೆಕ್ಕ ಸರಿಯಿತ್ತು; ಇಂದಿಗೂ ಅದರಲ್ಲಿ ತಪ್ಪು ತೆಗೆಯಲು ಆಗುವುದಿಲ್ಲ. ಚಳಿಗಾಲದ ಬೆಳಿಗ್ಗೆ ಒಂಬತ್ತು ಕೋಳಿಯನ್ನು ಒಂದೊಂದಾಗಿ ಬಕೆಟ್ಟಿನಲ್ಲಿ ಅದ್ದಿದೆವು. ಕುರಿಗೆ ಉಣ್ಣೆ ಇರುತ್ತದೆ, ಮೈ ಕೊಡವುತ್ತದೆ, ಓಡಿ ಬೆಚ್ಚಗಾಗುತ್ತದೆ. ನೆಂದ ಕೋಳಿ ಏನೂ ಮಾಡುವುದಿಲ್ಲ; ನಿಮ್ಮನ್ನೇ ನೋಡುತ್ತ ನಿಲ್ಲುತ್ತದೆ. ಸಂಜೆಯೊಳಗೆ ಎರಡು ಸತ್ತವು. ಬಾಟಲಿಯ ಮೇಲೆ ಸಣ್ಣಕ್ಷರದಲ್ಲಿ, ಕೋಳಿಗಳಿಗೆ ಬಳಸಬಾರದು ಎಂದು ಅಚ್ಚಾಗಿತ್ತು. ಅದನ್ನು ನಾನು ಓದಿದ್ದು ಆಮೇಲೆ.

ಮುತ್ಯಾನಿಗೆ ಓದಿ ಹೇಳಿದೆ. "ಮದಲ ಓದಬೇಕಿತ್ತಲ್ರಿ" ಎಂದರು, ಅಷ್ಟೇ. ಮೂವತ್ತು ವರ್ಷ ಹುಡುಗರಿಗೆ ನಾನು ಹೇಳಿದ ಮಾತೂ ಅದೇ.

ದನದ ದವಾಖಾನೆಗೆ ಮೊದಲೇ ಯಾಕೆ ಹೋಗಲಿಲ್ಲ ಎಂದು ಕೇಳಬಹುದು. ಹೋಗಿದ್ದೆವು. ಡಾಕ್ಟರಬಾಯಿ ಒಬ್ಬಳೇ, ಹಳ್ಳಿಗಳು ಹಲವು. ಎಮ್ಮೆಗಳ ಸರದಿಯಲ್ಲಿ ಕೋಳಿಯ ಹೆಸರು ಮೇಲೇರುತ್ತಿರಲಿಲ್ಲ. ಕೊನೆಗೊಂದು ದಿನ ಅವಳೇ ಸ್ಕೂಟರಿನ ಮೇಲೆ ಬಂದಳು. ಇಳಕಲ್ ಕಡೆಯ ಹುಡುಗಿ, ನನ್ನ ವಿದ್ಯಾರ್ಥಿನಿಯರ ವಯಸ್ಸು. ಅಷ್ಟರಲ್ಲಿ ಇನ್ನೆರಡು ಹೋಗಿ ಐದು ಉಳಿದಿದ್ದವು. ಮುತ್ಯಾ ತಕ್ಷಣ ಒಂದನ್ನು ಹಿಡಿದು ರೆಕ್ಕೆ ಬಿಡಿಸಿ ತೋರಿಸಲು ಹೋದರು.

"ಕೋಳಿ ಬಿಡ್ರಿ ಮುತ್ಯಾ. ಅವು ಎಲ್ಲಿ ಕುಂದರತಾವ, ಅದನ್ನ ತೋರಸ್ರಿ."

ಗೂಡಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು, ಚೀಲದಿಂದ ಸಣ್ಣ ಚಾಕು ತೆಗೆದು, ಬೆಂಚಿನ ಕಾಲು ಹಲಗೆಗೆ ಕೂಡುವ ಸಂದಿಯಲ್ಲಿ ತೂರಿಸಿ ಎಬ್ಬಿದಳು. ಹುಣಸೆ ಬೀಜ ಚೆಲ್ಲಿದ ಹಾಗೆ ಬಿದ್ದವು. ಚಪ್ಪಟೆ, ಕಂದು ಬಣ್ಣ. ಒಂದನ್ನು ಕಲ್ಲಿನ ಮೇಲಿಟ್ಟು ಒತ್ತಿದಳು. ಕೆಂಪು.

"ಕೋಳಿ ಉಣ್ಣಿ. ಕುರಿ ಉಣ್ಣಿ ಹಂಗ ಇವು ಮೈಮ್ಯಾಲ ಮನಿ ಮಾಡೂದಿಲ್ಲ. ರಾತ್ರಿ ಬಂದು ಕುಡೀತಾವ, ಬೆಳಗಾಗೂದ್ರಾಗ ಹೊಳ್ಳಿ ಸಂದ್ಯಾಗ. ನೀವು ಹಗಲ್ ಹುಡುಕಿದ್ರ ಏನ್ ಸಿಗತೈತಿ?"

ಮುತ್ಯಾ ಒಂದು ಉಣ್ಣಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹೊತ್ತೇರಿದರೆ ಮನೆಗೆ ಹೋಗುವ ಉಣ್ಣಿ! ಆಡಿದ ಮಾತಿಗೆ ತಪ್ಪಿ ನಡೆದ ಬೀಗರನ್ನು ನೋಡುವ ಹಾಗಿತ್ತು ಆ ನೋಟ.

ಡಾಕ್ಟರಬಾಯಿ ಬೆಂಚಿನ ಅಡಿಯನ್ನು ಪರೀಕ್ಷಿಸುತ್ತ ಕೇಳಿದಳು. "ಈ ಬೆಂಚು ಮದಲ ಎಲ್ಲಿತ್ತು? ಪಾರಿವಾಳ ಗೂಡು ಮಾಡಿದ ಕಡೆ ಇತ್ತೇನು? ಅಲ್ಲಿಂದ ಬಂದಿರಬೇಕು ನೋಡ್ರಿ."

ಶಾಲೆಯ ಸಾಮಾನಿನ ಕೋಣೆ ನನ್ನ ಕಣ್ಣ ಮುಂದೆ ಬಂತು. ಒಡೆದ ಕಿಟಕಿ, ಮಾಡಿನ ತುಂಬ ಪಾರಿವಾಳ, ನೆಲದ ತುಂಬ ಹಿಕ್ಕೆ. ನನ್ನ ನೆನಪಿನ ಬೆಂಚು ಬಿದ್ದುಕೊಂಡಿದ್ದುದು ಅದರ ಮಧ್ಯೆ. ನಾನು ಬಾಯಿ ತೆರೆದೆ. ನನಗಿಂತ ಮೊದಲು ಮುತ್ಯಾ ಮಾತಾಡಿದರು.

"ನನ್ನದ ಐತ್ರಿ ಬಾಯಾರ. ನಾ ಸಾಲಿ ಕಲ್ತ ಬೆಂಚು. ಅಟ್ಟದ ಮ್ಯಾಲ ಬಿದ್ದಿತ್ತು."

"ಎಷ್ಟನೇತ್ತಾ ಕಲ್ತೀರಿ ಮುತ್ಯಾ?"

"ಬೆಂಚಿನ ಮಟ."

ಅವಳು ನಕ್ಕಳು. ನಾನು ನನ್ನ ಚಪ್ಪಲಿಗಳನ್ನು ನೋಡುತ್ತ ನಿಂತೆ.

ಅವಳು ಔಷಧ ಬರೆದುಕೊಟ್ಟಳು. ಬೆಂಚು ಸುಡಲು ಹೇಳಿದಳು. ಹೊರಡುವ ಮುನ್ನ ಹಿಂಗೋಡೆಯ ಕಲ್ಲುಸಂದಿಗಳಿಗೂ ಚಾಕು ಹಾಕಿ ನೋಡಿ, "ಗ್ವಾಡ್ಯಾಗೂ ಸೇರ್ಯಾವ. ಹೊಡೀರಿ, ಆದ್ರ ಪೂರಾ ಹೋಗ್ತಾವ ಅಂತ ನಾ ಹೇಳೂದಿಲ್ಲ. ವರ್ಷಗಟ್ಟಲೆ ಉಪಾಸ ಇರತಾವ ಇವು" ಎಂದಳು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅದಕ್ಕಲ್ಲೇನು ಆಯಿ ಅಮಾಸಿಗೊಮ್ಮಿ ಗೂಡಿನ್ಯಾಗ ಕಣಕಿ ಹಾಕಿ ಉರಿ ಹಚ್ಚತಿದ್ದಳು? ಸಂದಿ ಸುಟ್ರ ಹುಳಾ ಸಾಯ್ತಾವ ಅಂತಿದ್ದಳು."

ಜೋಳದ ಒಣದಂಟಿನ ಆ ಉರಿಯ ಮಸಿಯೇ ಗೂಡನ್ನು ಕಪ್ಪಾಗಿಸಿತ್ತು. ಮುತ್ಯಾನ ಕಣ್ಣಲ್ಲಿ ನೀರು ತರಿಸಿತ್ತು.

"ನಿನಗ ಗೊತ್ತಿತ್ತೇನು? ಹೇಳಲಿಲ್ಲ ಯಾಕ?"

"ನೀವು ಕೇಳಿದಿರೇನು? ಇಬ್ರೂ ಶಾಣ್ಯಾರು ದಿನಾ ಬಿಸಲಾಗ ಕುಂತು ಕೋಳಿ ಊದತಿದ್ರಿ. ಗಂಡಸರ ಏನೋ ನಡಸ್ಯಾರ ಅಂತ ನಾ ಸುಮ್ಮನಿದ್ದೆ."

ಇದನ್ನು ಮುತ್ಯಾನಿಗೆ ಹೇಳಬಾರದಿತ್ತು. ಹೇಳಿದೆ. ಅವರು ಕಿತ್ತೆಸೆದ ಫರಸಿ ಕಲ್ಲುಗಳು ಹಿತ್ತಲ ಮೂಲೆಯಲ್ಲಿದ್ದವು. ಹೋಗಿ ಒಂದರ ಮಸಿಯ ಮೇಲೆ ಬೆರಳೆಳೆದರು. ಬೆರಳು ನೋಡಿಕೊಂಡರು. "ಐವತ್ತೈದು ವರ್ಷ ಸಂಸಾರ ಮಾಡಿದೆ ಮಾಸ್ತರ. ಆಕಿ ಅಮಾಸಿ ದಿನ ಏನ್ ಮಾಡತಿದ್ದಳು, ನನಗ ಗೊತ್ತಿಲ್ಲ" ಎಂದು ಬೆರಳನ್ನು ಕಂಬಳಿಗೆ ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಓಣಿಯ ಬಯಲಲ್ಲಿ ಬೆಂಚಿಗೆ ಬೆಂಕಿಯಿಟ್ಟೆವು. ಕಡ್ಡಿ ಗೀರುವ ಮೊದಲು ಮುತ್ಯಾ ತಡೆದರು.

"ನಿಂದರ್ರಿ. ಹುಡುಗೂರು ಏನೇನೋ ಬರದಾರ. ಓದಿ ಹೇಳ್ರಿ. ಸುಮ್ಮ ಸುಡಬಾರದು."

ಹೆಸರುಗಳನ್ನು ಓದಿದೆ. ಒಬ್ಬ ತನ್ನ ಹೆಸರಿನ ಪಕ್ಕ ಇನ್ನೊಂದು ಹೆಸರನ್ನು ಕೊರೆದು, ಹೆದರಿ ಅರ್ಧ ಅಳಿಸಿದ್ದ. ಒಂದು ಕಡೆ ನನ್ನ ಕುರಿತೇ ಒಂದು ವಾಕ್ಯವಿತ್ತು; ಕಾಗುಣಿತ ತಪ್ಪಿಲ್ಲದ ವಾಕ್ಯ. ಅದನ್ನು ದಾಟಿಸಿ ಮುಂದೆ ಹೋದೆ.

"ಒಂದ ಸಾಲ ಬಿಟ್ರಿ" ಎಂದರು, ಅಕ್ಷರ ಬಾರದ ಮುತ್ಯಾ. ನನ್ನ ಮುಖ ನೋಡಿ, "ಇರ್ಲಿ, ಹಚ್ಚರಿ" ಎಂದರು.

ಬೆಂಚು ಉರಿಯುವಾಗ ಸಂದಿಗಳಲ್ಲಿ ಜೋಳದ ಅಳ್ಳು ಹುರಿಯುವ ಹಾಗೆ ಚಟಚಟ ಸದ್ದಾಯಿತು. ಐದು ಕೋಳಿಗಳು ದೂರ ನಿಂತು ನೋಡಿದವು. ಅವುಗಳ ಅಭಿಪ್ರಾಯ ತಿಳಿಯಲಿಲ್ಲ.

ಗೂಡಿಗೂ ಗೋಡೆಗೂ ಔಷಧ ಹೊಡೆದೆವು. ಹದಿನೈದು ದಿನ ಕಳೆದು ಚಾಕು ಹಾಕಿ ನೋಡಿದರೆ ಮತ್ತೆ ಇದ್ದವು. ಮತ್ತೆ ಹೊಡೆದೆವು. ಮತ್ತೆ ಇದ್ದವು. ಮನೆಗೇ ಬೆಂಕಿ ಹಚ್ಚುವುದೊಂದು ಬಾಕಿ. ಆ ದಿನ ಗೋಡೆಯ ಕಡೆ ಬೆನ್ನು ಮಾಡಿ ಕುಳಿತ ಮುತ್ಯಾ ಒಮ್ಮೆಲೇ ತೊಡೆ ತಟ್ಟಿಕೊಂಡರು.

"ಮೂರ ರಾತ್ರಿ! ಅದಕ್ಕ ಮಾಸ್ತರ ಮೂರ ರಾತ್ರಿ! ಹಟ್ಟಿ ಎಬ್ಬಿಸಿ ಹ್ವಾದ್ರ ಹುಳಾ ಹಿಂದ ಉಳೀತಾವ. ನಮ್ಮಪ್ಪ ಹೇಳಲಿಲ್ಲ ಮಗಾ!" ನಗುತ್ತಿದ್ದರು, ಗಲ್ಲದ ಮೇಲೆ ನೀರಿಳಿಯುತ್ತಿತ್ತು. "ಅರವತ್ತು ವರ್ಷ ಒಂದು ಕಡೆ ನಿಲ್ಲಲಿಲ್ಲ. ಒಂದು ವರ್ಷ ನಿಂತೆ ನೋಡ್ರಿ."

ಅಂದಿನಿಂದ ಶಿರೂರಿನಲ್ಲಿ ಒಂದು ಕೋಳಿ ಹಟ್ಟಿ ಹುಟ್ಟಿತು. ಕುರಿಯ ಬಲೆಯ ತುಂಡು, ನಾಲ್ಕು ಗೂಟ, ಮೇಲೆ ಹೊದಿಸಲು ಒಂದು ಬಿದಿರಿನ ಬುಟ್ಟಿ. ಮೂರು ರಾತ್ರಿ ನಮ್ಮ ಹಿತ್ತಲು, ಮೂರು ರಾತ್ರಿ ಪಿಂಜಾರರ ಅಂಗಳ, ಮೂರು ರಾತ್ರಿ ಹಾಲಿನ ಡೇರಿಯ ಹಿಂದೆ. ಪ್ರತಿ ಮನೆಯ ಮುಂದೆ ನಿಂತು ಮುತ್ಯಾ ಹಿಂದೆ ರೈತರೊಡನೆ ಆಡಿದ ಮಾತನ್ನೇ ಆಡುತ್ತಿದ್ದರು. "ಗೊಬ್ಬರ ನಿಮಗ ಬಿಟ್ಟು ಹೋಗ್ತೇವ್ರಿ. ಮೂರ ರಾತ್ರಿ ಜಾಗಾ ಕೊಡ್ರಿ." ಐದು ಕೋಳಿಯ ಗೊಬ್ಬರಕ್ಕೆ ಯಾವ ಬೆಳೆ ಬಂದೀತು? ಯಾರೂ ಇಲ್ಲ ಅನ್ನಲಿಲ್ಲ. ಮೊಣಕಾಲಿನಿಂದ ನಡೆಯಲಾರದ ಅವರು ಮುಂದೆ, ಗೂಟ ಬಲೆ ಬುಟ್ಟಿ ಹೊತ್ತ ನಿವೃತ್ತ ಶಿಕ್ಷಕ ಹಿಂದೆ. ಪಿಂಜಾರರ ಹಿರಿಯ ಪ್ರತಿ ಸಲವೂ, "ಬಂತ್ರಿ ನಮ್ಮ ಸಾಹೇಬರ ದಂಡು" ಎಂದು ಸಲಾಮು ಹೊಡೆಯುತ್ತಿದ್ದ.

ಜುಟ್ಟುಗಳು ಕೆಂಪೇರಿದವು. ಒಂದು ಬೆಳಿಗ್ಗೆ ಡೇರಿಯ ಹಿಂದೆ ಒಂದು ತತ್ತಿ ಇತ್ತು. ಮುತ್ಯಾ ಅದನ್ನು ಎತ್ತಿಕೊಳ್ಳದೆ ಸ್ವಲ್ಪ ಹೊತ್ತು ಮುಂದೆ ಕುಳಿತರು. ಆಮೇಲೆ ಪಿಂಜಾರರ ಮನೆಯ ಬಾಣಂತಿಗೆ ತಾವೇ ಒಯ್ದು ಕೊಟ್ಟರು.

ಅದು ಎರಡು ತಿಂಗಳು ನಡೆಯಿತು. ಮಳೆಗಾಲದ ಆರಂಭದಲ್ಲಿ ಅವರಿಗೆ ಉಸಿರು ಹಿಡಿಯಿತು. ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದೆ. ಮೂಗಿಗೆ ನಳಿಕೆ, ಕೈಗೆ ಸೂಜಿ. ಕಂಬಳಿಯನ್ನು ಮಾತ್ರ ಯಾರಿಗೂ ತೆಗೆಯಗೊಟ್ಟಿರಲಿಲ್ಲ.

"ಹಟ್ಟಿ ಎಬ್ಬಿಸಿದ್ರೇನು?"

"ಇವತ್ತ ಮೂರನೇ ದಿನಾ ಮುತ್ಯಾ. ಹೋಗಿ ಎಬ್ಬಸ್ತೇನಿ."

ತಲೆಯಾಡಿಸಿದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡ ಮಾತನ್ನು ನಾನು ಶುರುಮಾಡಿದೆ. "ಮುತ್ಯಾ, ಆ ಬೆಂಚು… ಸಾಲಿ ಕೋಣ್ಯಾಗ ಪಾರಿವಾಳ…"

ಸೂಜಿ ಚುಚ್ಚಿದ ಕೈ ಎದ್ದು ಬಂತು. ಹೆಬ್ಬೆರಳು ನನ್ನ ಕೆಳರೆಪ್ಪೆಯನ್ನು ಎಳೆಯಿತು. ಎಂದಿಗಿಂತ ಹೆಚ್ಚು ಹೊತ್ತು ನೋಡಿದರು.

"ರಕ್ತ ಐತಿ. ಏನೂ ಹತ್ತಿಲ್ಲ ನಿಮಗ. ಹೋಗ್ರಿ, ಹೊತ್ತ ಮುಳಗತೈತಿ. ಕೋಳಿ ಒಳಗ…" ಅಂದವರು ತಡೆದರು. ತುಟಿ ಒಂದು ಬದಿಗೆ ಹೋಯಿತು, ನಗುವಿರಬೇಕು. "ಹೊರಗ ಇರ್ಲಿ."

ಎರಡನೆಯ ದಿನ ಹೋದರು. ಮಗ ಕುರಿಗಳನ್ನು ಕೂಡಲಸಂಗಮದ ಕಡೆ ಬಿಟ್ಟು ಓಡಿ ಬಂದ. ಮಣ್ಣು, ಬಳಗ, ದಿನಕರ್ಮದ ಗದ್ದಲ. ಆ ಗದ್ದಲದಲ್ಲಿ ಸೊಸೆ, ಮಾವನ ಜೀವವೆಲ್ಲ ಕೋಳಿಯ ಮೇಲಿತ್ತು ಎಂಬ ಗೌರವದಿಂದ, ಅವುಗಳನ್ನು ಹಿಡಿದು ತಂದು ಹಿಂಗೋಡೆಯ ಗೂಡಿನಲ್ಲಿ ಭದ್ರವಾಗಿ ಹಾಕಿ ಚಿಲಕವಿಟ್ಟಿದ್ದಳು. ಒಂಬತ್ತು ರಾತ್ರಿ ಅವು ಒಳಗಿದ್ದವು. ನಾನು ಪಕ್ಕದ ಮನೆಯಲ್ಲೇ ಇದ್ದೆ. ಬಂದವರಿಗೆ ನೀರು ಕೊಡುತ್ತಿದ್ದೆ, ಮುತ್ಯಾನ ಗುಣಗಾನ ಮಾಡುತ್ತಿದ್ದೆ. ನೋಡಲಿಲ್ಲ. ಹತ್ತನೆಯ ದಿನ ಚಿಲಕ ತೆಗೆದಾಗ ಮೂರು ಹೊರಬಂದವು.

ಈಗ ಅವು ನನ್ನವು. ಮೂರು ರಾತ್ರಿಗೊಮ್ಮೆ ಗೂಟ ಕೀಳುತ್ತೇನೆ. "ಗೊಬ್ಬರ ನಿಮಗ ಬಿಟ್ಟು ಹೋಗ್ತೇನ್ರಿ" ಎಂದು ಮನೆಮನೆಯ ಮುಂದೆ ನಿಲ್ಲುತ್ತೇನೆ. ಮುತ್ಯಾನಿಗೆ ಅನ್ನದಂತೆ ನನಗೂ ಯಾರೂ 'ಇಲ್ಲ' ಅನ್ನುವುದಿಲ್ಲ. ಆದರೆ ನಾನು ಹೇಳಿದಾಗ ಅದು ಹಟ್ಟಿಯ ಮಾತಾಗಿ ಕೇಳುವುದಿಲ್ಲ, ಶಾಲೆಗೆ ದೇಣಿಗೆ ಕೇಳಿದ ಹಾಗೆ ಕೇಳುತ್ತದೆ. ಸಂಜೆಯಾದರೆ ನನ್ನ ಹೆಂಡತಿ ಅಡುಗೆಮನೆಯಿಂದ, ದಿನಾ ಆಯಿಯ ಕೂಗು ಕೇಳಿದ ಅಭ್ಯಾಸಬಲದಿಂದ, "ಕೋಳಿ ಒಳಗ ಹಾಕ್ರಿ" ಎಂದು ಕೂಗುತ್ತಾಳೆ, ಹೊರಗಿರಬೇಕೆಂದು ನೆನಪಾಗಿ ಮತ್ತೆ ರೊಟ್ಟಿ ತಟ್ಟುತ್ತಾಳೆ.

ಇಂದು ಬೆಳಿಗ್ಗೆ ಬುಟ್ಟಿ ಎತ್ತಿದಾಗ ಮೂರರಲ್ಲಿ ಒಂದರ ಜುಟ್ಟು ಬಿಳಿಚಿತ್ತು. ಬುಟ್ಟಿಯ ಹೆಣಿಗೆಯಲ್ಲೋ, ಗೂಟದ ಸೀಳಿನಲ್ಲೋ, ನಾನೇ ಹೊತ್ತು ತರುತ್ತಿರಬೇಕು. ಕೋಳಿಯನ್ನು ತೊಡೆಯ ಮೇಲೆ ಕವುಚಿ ಹಾಕಿಕೊಂಡು ಬಿಸಿಲಲ್ಲಿ ಕುಳಿತೆ. ರೆಕ್ಕೆ ಬಿಡಿಸಿದೆ. ಪುಕ್ಕವನ್ನು ಹಿಮ್ಮುಖ ಊದಿದೆ. ಹಗಲಲ್ಲಿ ಏನೂ ಸಿಗುವುದಿಲ್ಲ ಎಂದು ಈಗ ನನಗೆ ಚೆನ್ನಾಗಿ ಗೊತ್ತಿದೆ. ಇನ್ನೊಂದು ರೆಕ್ಕೆಯನ್ನೂ ಬಿಡಿಸಿ ನೋಡಿದೆ.